ಚಿತ್ರದ ಕೆಳಗೆ ಉಳಿದ ದನಿ

ಹಳಿಯಾಳದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಪುಸ್ತಕದಂಗಡಿ ಇದೆ. ಪಕ್ಕದ್ದು ಶಬನಮ್‌ಳ ಅಂಗಡಿ. ಝೆರಾಕ್ಸು, ಲ್ಯಾಮಿನೇಷನ್ನು, ಪಾಸ್‌ಪೋರ್ಟ್ ಫೋಟೊ, ಎಲ್ಲವೂ ಅಲ್ಲಿ ಆಗುತ್ತದೆ. ಅವಳ ಬೋರ್ಡಿನ ಕೆಳತುದಿಯಲ್ಲಿ ಕೆಂಪಕ್ಷರದಲ್ಲಿ ಇನ್ನೊಂದು ಸಾಲಿದೆ: ಹಳೇ ವಿಡಿಯೊ ಕ್ಯಾಸೆಟ್ ಪೆನ್‌ಡ್ರೈವಿಗೆ ಹಾಕಿ ಕೊಡಲಾಗುವುದು. ಎರಡು ಅಂಗಡಿಗಳ ನಡುವೆ ಇರುವುದು ಬರೀ ಹಲಗೆಯ ಗೋಡೆ. ಅಲ್ಲಿ ಆಡುವ ಮಾತೆಲ್ಲ ನನಗೆ ಕೇಳಿಸುತ್ತದೆ. ಕೇಳಿಸದಿದ್ದರೆ ಎದ್ದು ಹೋಗಿ ಕೇಳಿಸಿಕೊಳ್ಳುತ್ತೇನೆ. ಸುನಂದಾ ಎಲ್ಲದಕ್ಕೂ ಮೂಗು ತೂರಿಸುತ್ತಾಳೆ ಎಂದು ಓಣಿಯವರು ಅನ್ನುತ್ತಾರೆ, ಅನ್ನಲಿ. ಪುಸ್ತಕ ಕೇಳಿಕೊಂಡು ಯಾರೂ ಬಾರದ ಮಧ್ಯಾಹ್ನಗಳಲ್ಲಿ ನಾನು ಇನ್ನೇನು ಮಾಡಬೇಕು?

ಶಬನಮ್ ಸಿದ್ದಿ ಜನಾಂಗದವಳು, ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದು ಈ ಸೀಮೆಯಲ್ಲಿ ನೆಲೆಸಿದವರ ಪೈಕಿ. ವಯಸ್ಸು ನಲವತ್ತರ ಆಸುಪಾಸು. ಗುಂಗುರು ಕೂದಲನ್ನು ದುಪಟ್ಟಾದೊಳಗೆ ಎಷ್ಟು ತುರುಕಿದರೂ ಒಂದು ಕಡೆಯಿಂದ ಇಣುಕುತ್ತಲೇ ಇರುತ್ತದೆ. ದಾಂಡೇಲಿಗೆ ಹೊರಟ ಪ್ರವಾಸಿಗಳು ದಾರಿಯಲ್ಲಿ ಝೆರಾಕ್ಸಿಗೆ ನಿಂತು, "ಮೇಡಂ, ನೀವು ಯಾವ ದೇಶದವರು?" ಎಂದು ಕೇಳುವುದುಂಟು. "ಹಳಿಯಾಳ ತಾಲೂಕರೀ. ನಿಮ್ದು ಯಾವ ದೇಶ?" ಎಂದು ಅವಳು ಅಷ್ಟೇ ಮರ್ಯಾದೆಯಿಂದ ಕೇಳಿ ಅವರ ಕಾಗದ ಕೈಗಿಡುತ್ತಾಳೆ. ಗಂಡ ಜುಬೇರ ಅನಮೋಡ ಘಾಟ ದಾಟಿ ಗೋವಾಕ್ಕೆ ತರಕಾರಿ ಗಾಡಿ ಓಡಿಸುತ್ತಾನೆ. ಗಾಡಿ ಕೆಟ್ಟರೆ ಅವನು ಮೊದಲು ಫೋನು ಮಾಡುವುದು ಮೆಕ್ಯಾನಿಕ್ಕಿಗಲ್ಲ, ಹೆಂಡತಿಗೆ.

ಕೆಟ್ಟ ವಸ್ತು ಕಂಡರೆ ಶಬನಮ್‌ಗೆ ಊಟ ಸೇರುವುದಿಲ್ಲ. ಇದು ಹುಟ್ಟುಗುಣ. ಚಿಕ್ಕವಳಿದ್ದಾಗ ಅಪ್ಪನ ರೇಡಿಯೊ ಬಿಚ್ಚಿ ಹರವಿ ಕೂತು ಏಟು ತಿಂದಳಂತೆ. ಸಂಜೆಯೊಳಗೆ ಅದನ್ನು ಜೋಡಿಸಿ ಮೊದಲಿಗಿಂತ ಜೋರಾಗಿ ಹಾಡಿಸಿದ್ದಕ್ಕೆ ಮತ್ತೊಂದು ಏಟು ಬಿತ್ತಂತೆ. "ಎರಡನೇದು ಯಾಕ ಅಂತ ನನಗ ಇನ್ನೂ ಗೊತ್ತಾಗಿಲ್ಲ ಸುನಂದಕ್ಕ," ಎಂದು ಈಗಲೂ ನಿಜವಾದ ಕುತೂಹಲದಿಂದ ಕೇಳುತ್ತಾಳೆ. ಆ ರೇಡಿಯೊದಿಂದ ಟಿವಿಗೆ, ಟಿವಿಯಿಂದ ಕಂಪ್ಯೂಟರಿಗೆ ಬಂದವಳು ಅವಳು. ಯಾರೂ ಕೂರಿಸಿ ಕಲಿಸಿದ್ದಲ್ಲ.

ಕಳೆದ ಚಳಿಗಾಲದಲ್ಲಿ ಒಂದು ಸಂತೆಯ ದಿನ ಅನ್ನಾ ಎಂಬ ಹೆಂಗಸು ಅವಳ ಅಂಗಡಿಗೆ ಬಂದಳು. ಆಕೆಯೂ ಸಿದ್ದಿ, ಆದರೆ ಕ್ರಿಶ್ಚಿಯನ್ ಪೈಕಿ. ಮೌಳಂಗಿ ಕಡೆಯ ಹಳ್ಳಿಯೊಂದರಲ್ಲಿ ಗಂಡನ ಜೊತೆ ಭತ್ತ ಬೆಳೆಯುತ್ತಾಳೆ. ಕೈಚೀಲದಿಂದ ಒಂದು ವಿಡಿಯೊ ಕ್ಯಾಸೆಟ್ಟು ತೆಗೆದಳು. ಅದನ್ನು ಒಣಮೀನಿನ ಜೊತೆಯಲ್ಲೇ ಇಟ್ಟುಕೊಂಡು ಬಂದಿದ್ದಳು. ಆ ವಾಸನೆ ಶಬನಮ್‌ಳ ವಿಸಿಆರ್‌ನಿಂದ ಹೋಗಲು ಬಹಳ ದಿನ ಹಿಡಿಯಿತು.

"ನನ್ನ ಮದುವಿ ಕ್ಯಾಸೆಟ್ಟು. ನಮ್ಮವ್ವ ಇದರಾಗ ಹಾಡ್ಯಾಳ," ಎಂದಳು ಅನ್ನಾ. "ಆ ಹಾಡು ನನಗ ಬೇಕಾಗೇತಿ."

ಯಾಕೆ ಬೇಕು ಎಂಬುದನ್ನು ಸ್ಟೂಲಿನ ಮೇಲೆ ಕೂತು ನಿಧಾನವಾಗಿ ಹೇಳಿದಳು. ಅಷ್ಟರಲ್ಲಿ ನಾನೂ ಗೋಡೆ ಬಿಟ್ಟು ಅಲ್ಲಿಗೇ ಬಂದಿದ್ದೆ. ಮದುವೆಯ ಹಿಂದಿನ ಸಂಜೆ ಅವರಲ್ಲಿ ಹುಡುಗಿಗೆ ತೆಂಗಿನಹಾಲು ಹಚ್ಚಿ ಮೀಯಿಸುತ್ತಾರೆ. ಅದಕ್ಕೆ ರೋಸ್ ಎಂದು ಹೆಸರು. ಅನ್ನಾಳ ತಾಯಿಯ ಮನೆತನದಲ್ಲಿ ಹಾಲು ಹಚ್ಚುವ ಮೊದಲು ಹುಡುಗಿಯ ತಾಯಿ ಹಾಡಿನಲ್ಲಿ ತೀರಿಹೋದ ಹೆಂಗಸರನ್ನೆಲ್ಲ ಹೆಸರು ಹಿಡಿದು ಕರೆಯಬೇಕು. ತೀರಾ ಹಿಂದಿನವಳಿಂದ ಶುರುವಾಗಿ ಒಬ್ಬೊಬ್ಬಳೇ ಹತ್ತಿರಕ್ಕೆ ಬರುತ್ತ ಹಾಡು ನಡೆಯುತ್ತದೆ. ಒಬ್ಬಳನ್ನು ಬಿಟ್ಟರೂ ಅವಳು ಮುನಿಸಿಕೊಂಡು ಅಂಗಳದ ಹೊರಗೇ ನಿಲ್ಲುತ್ತಾಳಂತೆ.

"ಈಸ್ಟರ್ ಆದ ಮ್ಯಾಲೆ ನನ್ನ ಮಗಳ ಮದುವಿ. ಕರೀಬೇಕಾದಾಕಿ ನಾನು," ಎಂದಳು ಅನ್ನಾ. "ನನಗ ಅಜ್ಜಿ ಹೆಸರು ಗೊತ್ತು, ಆಕಿ ಅವ್ವಂದು ಗೊತ್ತು. ಅದರ ಹಿಂದಿನವರು ಗೊತ್ತಿಲ್ಲ. ಹಾಡು ಶುರು ಮಾಡೂದ ಗೊತ್ತಿಲ್ಲ ನನಗ. ಗೊತ್ತಿದ್ದಾಕಿ ನಮ್ಮವ್ವ ಜುವಾನಾ. ನನ್ನ ಮದುವಿ ಆಗಿ ಮರುವರ್ಷನ ಹೋದಳು."

"ಇದರಾಗ ಐತಂದ್ರ ತಗದು ಕೊಡ್ತೇನಿ ಅನ್ನಾಬಾಯಿ," ಎಂದಳು ಶಬನಮ್. ಅಷ್ಟು ಸಲೀಸಾಗಿ ಮಾತು ಕೊಡಬೇಡ ಎಂದು ನಾನು ಕಣ್ಣು ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

ವಿಸಿಆರ್‌ನಿಂದ ಹೊರಟ ವೈರುಗಳು ಬೆರಳುದ್ದದ ಒಂದು ಡಬ್ಬಿಗೆ ಸೇರುತ್ತವೆ. ಆ ಡಬ್ಬಿ ಲ್ಯಾಪ್‌ಟಾಪಿಗೆ ಚುಚ್ಚಿಕೊಳ್ಳುತ್ತದೆ. ಹಳದಿ ಪಿನ್ನು ಚಿತ್ರಕ್ಕೆ, ಕೆಂಪು ಮತ್ತು ಬಿಳಿ ಪಿನ್ನು ದನಿಗೆ. ಟೇಪು ಓಡುತ್ತಿದ್ದಂತೆ ಲ್ಯಾಪ್‌ಟಾಪಿನಲ್ಲಿ ಚಿತ್ರ ಮೂಡಿತು. ಅಂಗಳ, ಚಪ್ಪರ, ಮಣೆಯ ಮೇಲೆ ಕೂತ ಹುಡುಗಿ ಅನ್ನಾ, ಪಕ್ಕದಲ್ಲಿ ಹಸಿರು ಸೀರೆಯ ಎತ್ತರದ ಹೆಂಗಸು ಜುವಾನಾ. ಆಕೆಯ ಬಾಯಿ ತೆರೆದಿತ್ತು, ಕೊರಳ ನರ ಉಬ್ಬಿತ್ತು, ದನಿ ಮಾತ್ರ ಇರಲಿಲ್ಲ. ಟೇಪು ಓಡುವಾಗ ಸ್ಪೀಕರ್ ಸುಮ್ಮನಿರುವುದುಂಟು, ಆಮೇಲೆ ಬರುತ್ತದೆ ಎಂದು ಶಬನಮ್ ಧೈರ್ಯ ಹೇಳಿದಳು. ನಾವು ಮೂವರೂ ಚಹಾ ಕುಡಿಯುತ್ತ ಹರಟೆ ಹೊಡೆದೆವು. ಎಲ್ಲ ಮುಗಿದ ಮೇಲೆ ಫೈಲು ತೆರೆದು ನೋಡಿದರೆ ನಿಜಕ್ಕೂ ದನಿ ಇತ್ತು.

ಅದು ನನ್ನ ದನಿ. ಪರದೆಯ ಮೇಲೆ ಹೆಂಗಸರು ಸೋಬಾನೆ ಹಾಡುತ್ತಿದ್ದಾರೆ. ಅದರ ಮೇಲೆ ನಾನು ನಮ್ಮ ಮಳಿಗೆಯ ಮಾಲೀಕ ಈಶಪ್ಪನನ್ನು ಬಯ್ಯುತ್ತಿದ್ದೇನೆ. ಆ ಜಿಪುಣ ಸೋರುವ ಮಾಡು ಸರಿ ಮಾಡಿಸುವುದಿಲ್ಲ, ಮಳೆಗಾಲದಲ್ಲಿ ನನ್ನ ಪುಸ್ತಕವೆಲ್ಲ ಉಪ್ಪಿನಕಾಯಿ ಆಗುತ್ತದೆ, ಅಂತ. ಅನ್ನಾ ಬಹಳ ಗಮನವಿಟ್ಟು ಕೇಳಿ, "ಈಶಪ್ಪ ಅಂದ್ರ ಯಾರ್ರೀ?" ಎಂದಳು. ಶಬನಮ್ ನಗು ತಡೆಯಲಾರದೆ ಮೇಜಿನ ಮೇಲೆ ತಲೆ ಇಟ್ಟಳು. ಲ್ಯಾಪ್‌ಟಾಪು ವೈರಿನಿಂದ ಬರುವ ದನಿಯನ್ನು ಬಿಟ್ಟು ತನ್ನದೇ ಮೈಕಿನಿಂದ ಕೋಣೆಯ ಮಾತನ್ನು ಹಿಡಿದಿತ್ತು. ಶಬನಮ್ ಸೆಟ್ಟಿಂಗಿನೊಳಗೆ ಹೋಗಿ ದನಿ ಬರಬೇಕಾದ ದಾರಿಯನ್ನು ಬದಲಿಸಿ ಟೇಪನ್ನು ಮತ್ತೆ ಓಡಿಸಿದಳು. ನನ್ನ ಮಾತು ನಿಂತಿತು. ಅದರ ಜಾಗಕ್ಕೆ ಏನೂ ಬರಲಿಲ್ಲ.

"ನಳದಾಗ ನೀರು ಬರಲಿಲ್ಲಂದ್ರ ಟಾಕಿಯಿಂದ ಹಿಡಕೊಂಡು ನೋಡ್ಕೋತ ಬರಬೇಕು," ಎಂದಳು ಶಬನಮ್. ಅನ್ನಾಳನ್ನು ಊರಿಗೆ ಕಳಿಸಿ ಮರುದಿನದಿಂದ ಅದೇ ಕೆಲಸಕ್ಕೆ ಕೂತಳು. ವಿಸಿಆರ್ ಅನ್ನು ಕಂಪ್ಯೂಟರಿನಿಂದ ಬಿಡಿಸಿ ನೇರ ಟಿವಿಗೆ ಹಾಕಿದಳು. ಅಲ್ಲೂ ಮೌನ. ಬೇರೆ ಕ್ಯಾಸೆಟ್ಟು ಹಾಕಿದರೆ ಕಂಬಳಿ ಹೊದ್ದು ಮಾತಾಡಿದ ಹಾಗೆ ಏನೋ ಗುಣುಗುಣು. ಅಂದರೆ ತಪ್ಪು ಕಂಪ್ಯೂಟರಿನದಲ್ಲ, ವಿಸಿಆರ್‌ನದು. ಮುಚ್ಚಳ ಬಿಚ್ಚಿ, ಟೇಪು ಹಾಯ್ದುಹೋಗುವಲ್ಲಿರುವ ದನಿ ಓದುವ ಹೆಡ್ಡನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿದಳು. ಬಟ್ಟೆ ಕಪ್ಪಾಯಿತು. ಇನ್ನೊಂದು ಬಟ್ಟೆಯೂ ಕಪ್ಪಾಯಿತು. ಅವಳು ಆ ಹೊತ್ತಿನಲ್ಲಿ ಯಂತ್ರದ ಜೊತೆ ಉರ್ದುವಿನಲ್ಲಿ ಮಾತಾಡುತ್ತಾಳೆ. ಮಗುವಿಗೆ ಸ್ನಾನ ಮಾಡಿಸುವವರ ಮಾತಿನ ಹಾಗಿರುತ್ತದೆ ಅದು.

ಮುಂದಿನ ಸಂತೆಗೆ ಅನ್ನಾ ಬಂದಾಗ ಕ್ಯಾಸೆಟ್ಟು ಮಾತಾಡಲು ತಯಾರಾಗಿತ್ತು. ಶಬನಮ್ ಗುಂಡಿ ಒತ್ತಿದಳು. ಅಂಗಳ, ಚಪ್ಪರ, ಹಸಿರು ಸೀರೆಯ ಜುವಾನಾ. ಆಕೆ ಬಾಯಿ ತೆರೆಯುತ್ತಿದ್ದಂತೆ ಸ್ಪೀಕರಿನಿಂದ ಹೊರಬಂದದ್ದು ಹಿಂದಿ ಸಿನಿಮಾದ ಕುಣಿಯುವ ಹಾಡು. ಅದು ಮುಗಿದರೆ ಇನ್ನೊಂದು, ಅದಾದ ಮೇಲೆ ಮತ್ತೊಂದು. ಆ ಕಾಲದ ಮದುವೆ ಕ್ಯಾಸೆಟ್ಟುಗಳೆಲ್ಲ ಹೀಗೇ. ಇದ್ದ ದನಿಯನ್ನು ಅಳಿಸಿ ಸಿನಿಮಾ ಹಾಡು ತುಂಬುವುದಕ್ಕೆ ಮಿಕ್ಸಿಂಗ್ ಎನ್ನುತ್ತಿದ್ದರು. ಮಿಕ್ಸಿಂಗ್ ಇಲ್ಲದ ಕ್ಯಾಸೆಟ್ಟನ್ನು ಬೀಗರಿಗೆ ತೋರಿಸಲು ಜನ ಸಂಕೋಚ ಪಡುತ್ತಿದ್ದರು. ನನ್ನ ಮದುವೆಯದರಲ್ಲೂ ಪುರೋಹಿತರ ತುಟಿಯಿಂದ ಪ್ರೇಮಗೀತೆ ಬರುತ್ತದೆ.

ಅನ್ನಾ ಕೈಚೀಲ ಎತ್ತಿಕೊಂಡಳು. ಆಕೆಗೆ ನಿರಾಸೆಯಾಗಿತ್ತು, ಆದರೆ ಆಶ್ಚರ್ಯವಾದಂತೆ ಕಾಣಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು. ಕೇಳಬೇಕೆಂದು ಬಾಯಿ ತುರಿಸಿತು, ಹೇಗೋ ಸುಮ್ಮನಿದ್ದೆ.

"ಅಳಿಸಿದ್ದು ಹೋತು ಬಿಡು ಶಬನಮ್. ನೀನಾದ್ರೂ ಏನು ಮಾಡ್ತಿ?" ಎಂದಳು ಅನ್ನಾ.

"ಹೆಂಗ ಅಳಿಸಿದ್ರು ಅಂತ ಗೊತ್ತಾಗಲಿ," ಎಂದಳು ಇವಳು. "ಕ್ಯಾಸೆಟ್ಟು ಇಲ್ಲೇ ಇರಲಿ."

ಆ ವಿಡಿಯೊ ತೆಗೆದವನು ಸಾತಪ್ಪ. ಈಗ ಮುದುಕನಾಗಿ ದಾಂಡೇಲಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಶಬನಮ್ ಅವನ ಫೋನು ನಂಬರು ಹುಡುಕಿ ಸ್ಪೀಕರ್ ಹಾಕಿ ಮಾತಾಡಿದಳು, ನನ್ನ ಉಪಯೋಗಕ್ಕೆ. ಅಳಿಸಿದ್ದು ಹೇಗೆ ಎಂದರೆ ಮುದುಕನಿಗೆ ಬಲು ಹುರುಪು ಬಂತು. "ಕಾಪಿ ತಗ್ಯಾಕ ನನ್ನ ಕಡೆ ಆವಾಗ ಎರಡು ವಿಸಿಆರ್ ಎಲ್ಲಿದ್ವು ತಂಗಿ? ಗೋವಾದಿಂದ ತಂದ ದೊಡ್ಡ ಕ್ಯಾಮೆರಾ ಒಂದ. ಅದರಾಗ ಡಬ್ ಅಂತ ಒಂದು ಬಟನ್ ಇತ್ತು. ಅದನ್ನ ಒತ್ತಿ, ಟೇಪ್ ರೆಕಾರ್ಡರ್ ವೈರ್ ಚುಚ್ಚಿ ಹಾಡು ಬಿಟ್ರ ಆತು. ಚಿತ್ರಕ್ಕ ಏನೂ ಆಗ್ತಿರಲಿಲ್ಲ, ದನಿ ಅಷ್ಟ ಬದಲಾಗ್ತಿತ್ತು."

"ಕ್ಯಾಮೆರಾ ಮ್ಯಾಲೆ ಹೈಫೈ ಅಂತ ಬರದಿತ್ತೇನ್ರಿ ಕಾಕಾ?"

"ದೊಡ್ಡದಾಗಿ ಬರದಿತ್ತು. ಅದನ್ನ ತೋರಿಸೇ ನಾ ಗಿರಾಕಿ ಹಿಡೀತಿದ್ದೆ."

ಶಬನಮ್ ಫೋನು ಇಟ್ಟವಳೇ ನನ್ನ ಕೈ ಹಿಡಿದುಕೊಂಡಳು. ಅವಳು ಹೇಳಿದ್ದನ್ನು ನಾನು ಎರಡು ಸಲ ಹೇಳಿಸಿಕೊಂಡು ಅರ್ಥ ಮಾಡಿಕೊಂಡೆ. ಸಾದಾ ಕ್ಯಾಸೆಟ್ಟಿನಲ್ಲಿ ದನಿ ಇರುವುದು ಟೇಪಿನ ಅಂಚಿನಲ್ಲಿ, ಸೀರೆಯ ಅಂಚಿನ ಹಾಗೆ ಒಂದು ಸಣ್ಣ ಪಟ್ಟಿ. ಹೈಫೈ ಕ್ಯಾಮೆರಾ ಅದೇ ದನಿಯನ್ನು ಇನ್ನೊಂದು ಕಡೆಯೂ ಬರೆಯುತ್ತದೆ, ಚಿತ್ರದ ಕೆಳಗೆ, ಚಿತ್ರದ ಜೊತೆಗೇ. ಡಬ್ ಬಟನ್ ಅಳಿಸುವುದು ಅಂಚನ್ನು ಮಾತ್ರ. ಚಿತ್ರದ ಕೆಳಗಿನದನ್ನು ಅಳಿಸಬೇಕಾದರೆ ಚಿತ್ರವನ್ನೇ ಅಳಿಸಬೇಕು. ಚಿತ್ರ ಇದೆಯಲ್ಲ? ಹಾಗಿದ್ದರೆ ಜುವಾನಾ ಇನ್ನೂ ಅದರ ಕೆಳಗೆ ಹಾಡುತ್ತಲೇ ಇದ್ದಾಳೆ. ಶಬನಮ್‌ಳ ವಿಸಿಆರ್‌ಗೆ ಅಂಚನ್ನು ಓದಲು ಮಾತ್ರ ಬರುತ್ತದೆ.

"ಇದ್ದರ ಇರಬಹುದು ಅಷ್ಟ ಅಕ್ಕಾ. ಇಷ್ಟು ವರ್ಷದಾಗ ಬೂಸ್ಟು ತಿಂದಿರಬಹುದು. ಅನ್ನಾಬಾಯಿಗೆ ಪೂರಾ ಆಸೆ ಹಚ್ಚಬ್ಯಾಡ್ರಿ."

ಹೈಫೈ ವಿಸಿಆರ್ ಎಲ್ಲಿ ಸಿಗಬೇಕು? ಆಗ ಅವಳಿಗೆ ಮುಂಡಗೋಡದ ಟಿಬೆಟನ್ ಕ್ಯಾಂಪಿನ ಧೊಂಡುಪ್ ನೆನಪಾದ. ಹುಬ್ಬಳ್ಳಿಯಲ್ಲಿ ಚಳಿಗಾಲಕ್ಕೆ ಸ್ವೆಟರ್ ಮಾರುವ ಮನುಷ್ಯ. ಹಿಂದೊಮ್ಮೆ ಧರ್ಮಬೋಧೆಯ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಸಲು ಬಂದಿದ್ದವನು ಇವಳ ವಿಸಿಆರ್ ನೋಡಿ ಮುಖ ಕಿವುಚಿ, ನನ್ನ ಮನೆಯಲ್ಲಿರುವುದು ಇದರ ಅಜ್ಜ, ಪರದೇಶದಿಂದ ಬಂದ ಹೈಫೈ ಎಂದಿದ್ದನಂತೆ. ಸ್ವೆಟರ್ ಕಾಲ ಮುಗಿಸಿ ಅವನು ಕ್ಯಾಂಪಿಗೆ ಮರಳಲಿ ಎಂದು ಕಾದೆವು. ಅಷ್ಟರಲ್ಲಿ ಈಸ್ಟರ್ ಹತ್ತಿರ ಬಂತು.

ಹೊರಟವರು ನಾವು ಮೂವರು. ನಾನು ಯಾಕೆ ಹೋಗಬೇಕಿತ್ತು ಎಂದು ಕೇಳಬೇಡಿ, ಅಂಗಡಿಗೆ ಬೀಗ ಹಾಕಿ ಹೋದೆ. ಕಲಘಟಗಿಯಲ್ಲಿ ಬಸ್ಸು ಬದಲಿಸಿದೆವು. ಶಬನಮ್ ಲ್ಯಾಪ್‌ಟಾಪ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿದ್ದಳು. ಆಗ ಅನ್ನಾ ನನ್ನ ಕಡೆ ತಿರುಗಿ, ಇನ್ನು ತಡೆಯಲಾಗದು ಎಂಬಂತೆ ಹೇಳಿದಳು.

"ಅವ್ವನ ಹಾಡು ಅಳಿಸು ಅಂತ ಸಾತಪ್ಪಗ ಹೇಳಿದಾಕಿ ನಾನ."

ಆಕೆಯ ಗಂಡನ ಮನೆಯವರು ಶಾಲೆ ಕಲಿತವರು, ಪೇಟೆಯ ಸಂಪರ್ಕ ಇದ್ದವರು. ಸತ್ತವರನ್ನು ಕೂಗಿ ಕರೆಯುವ ಹಾಡು ಕ್ಯಾಸೆಟ್ಟಿನಲ್ಲಿ ಬಂದರೆ ನಗುತ್ತಾರೆಂದು ಇವಳಿಗೆ ನಾಚಿಕೆ. ರೋಸಿನ ದಿನವೇ, ಅವ್ವ ತೆಂಗಿನಹಾಲು ತರಲು ಒಳಗೆ ಹೋದಾಗ, ಕ್ಯಾಮೆರಾ ಹಿಡಿದು ನಿಂತ ಸಾತಪ್ಪನ ಕಿವಿಗೆ ಹಾಕಿದ್ದಳು. ಎಲ್ಲೋ ಒಂದು ತುಣುಕಾದರೂ ಉಳಿದಿರಬಹುದು ಎಂಬ ಆಸೆಯಿಂದ ಕ್ಯಾಸೆಟ್ಟು ತಂದಿದ್ದಳಂತೆ. ಸಾಯುವ ತನಕ ಅವ್ವನಿಗೆ ಈ ಮಾತು ಗೊತ್ತಾಗಲಿಲ್ಲ ಎಂಬುದೊಂದೇ ತನಗೆ ಸಮಾಧಾನ ಎಂದಳು.

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಒಬ್ಬಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುತ್ತಿದ್ದರೆ ಇನ್ನೊಬ್ಬಳು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತಿದ್ದಳಲ್ಲ ಎಂದು. ನಾನು ಏನಾದರೂ ಅನ್ನುವುದರೊಳಗೆ ಮುಂದಿನ ಸೀಟಿನಿಂದ ಶಬನಮ್ ಮಾತು ಬಂತು. "ನೀವು ಮೊದಲ ಹೇಳಿದ್ರೂ ನಾ ಮಾಡೂದು ಇದ ಇತ್ತು ಅನ್ನಾಬಾಯಿ. ಕಿಟಕಿ ಹಾಕ್ರಿ, ಧೂಳು ಬರಾಕತ್ತೇತಿ."

ಧೊಂಡುಪ್‌ನ ಮನೆಯಲ್ಲಿ ಬೆಣ್ಣೆ ಚಹಾ ಕೊಟ್ಟರು. ನಾನು ಮರ್ಯಾದೆಗೆ ಒಂದು ಗುಟುಕು ಕುಡಿದೆ. ವಿಸಿಆರ್ ಹಳದಿ ವಸ್ತ್ರ ಹೊದ್ದು ಕೂತಿತ್ತು. ಶಬನಮ್ ಅದನ್ನು ನಾಲ್ಕೂ ಕಡೆಯಿಂದ ನೋಡಿ, ವೈರು ಜೋಡಿಸಿ, ಕ್ಯಾಸೆಟ್ಟು ಒಳಗೆ ತಳ್ಳಿದಳು. ಮೊದಲಿಗೆ ಬಂದದ್ದು ಮತ್ತೆ ಅದೇ ಸಿನಿಮಾ ಹಾಡು. ಅನ್ನಾ ತಲೆ ತಗ್ಗಿಸಿದಳು. ಶಬನಮ್ ಮಾತ್ರ ಯಂತ್ರದ ಮುಖದ ಮೇಲೆ ಬೆರಳಾಡಿಸುತ್ತ ಒಂದು ಸಣ್ಣ ಸ್ವಿಚ್ಚು ಕಂಡುಹಿಡಿದಳು. ಧೊಂಡುಪ್‌ನ ಕ್ಯಾಸೆಟ್ಟುಗಳೆಲ್ಲ ಸಾದಾ ಆದ್ದರಿಂದ ಅವನು ಅದನ್ನು ಅಂಚಿನ ದನಿಗೇ ಬಿಟ್ಟಿದ್ದ. ಅವಳು ಅದನ್ನು ಆಚೆಗೆ ಸರಿಸಿದಳು.

ಕರಕರ ಸದ್ದು. ಒಂದು ಡೋಲಿನ ಪೆಟ್ಟು. ಮತ್ತೆ ಸಿನಿಮಾ ಹಾಡು. ಮತ್ತೆ ಯಾರೋ ನಕ್ಕದ್ದು, ಕೋಳಿ ಕೂಗಿದ್ದು, ಮತ್ತೆ ಸಿನಿಮಾ ಹಾಡು. ಚಿತ್ರದ ಕೆಳಗಿನ ದನಿ ಸರಿಯಾಗಿ ಸಿಗದೆ ಯಂತ್ರ ಆಗಾಗ ಅಂಚಿಗೆ ಹಾರುತ್ತಿತ್ತು. ಶಬನಮ್ ಟೇಪಿನ ಸಾಲು ಹೊಂದಿಸುವ ಟ್ರ್ಯಾಕಿಂಗ್ ಗುಂಡಿಯನ್ನು ಕೂದಲೆಳೆಯಷ್ಟೇ ಅತ್ತ ಇತ್ತ ತಿರುಗಿಸುತ್ತ ಹೋದಳು. ಸಿನಿಮಾ ಹಾಡು ಹೋಯಿತು. ಕೋಣೆಯ ತುಂಬ ಹಳೆಯ ಅಂಗಳವೊಂದರ ಗದ್ದಲ ಹರಡಿತು.

ಕ್ಯಾಮೆರಾಕ್ಕೆ ತೀರಾ ಹತ್ತಿರದಲ್ಲಿ ಒಂದು ಎಳೆಯ ದನಿ ಪಿಸುಗುಟ್ಟಿತು. "ಸಾತಪ್ಪಣ್ಣಾ, ಅವ್ವನ ಹಾಡು ಇಡಬ್ಯಾಡ್ರಿ. ಆಮ್ಯಾಲೆ ಸಿನಿಮಾ ಹಾಡು ಹಾಕ್ರಿ. ಅವರ ಮನಿಯವರು ನಗ್ತಾರ."

ಅನ್ನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪರದೆಯಲ್ಲಿ ಹಸಿರು ಸೀರೆ ಬಾಗಿಲಿನಲ್ಲೇ ನಿಂತಿತ್ತು, ಕೈಯಲ್ಲಿ ತಂಬಿಗೆ. ಜುವಾನಾ ಅಂಗಳ ದಾಟಿ ನೇರ ಕ್ಯಾಮೆರಾದ ಹತ್ತಿರ ಬಂದಳು.

"ಹಾಕಪಾ ಸಾತಪ್ಪ, ಆಕಿಗೆ ಬೇಕಾದ್ದ ಹಾಕು. ಆ ಸಿನಿಮಾದಾಕಿ ಈಕಿ ಬಾಣಂತನಕ್ಕ ಬರ್ತಾಳೇನು ಕೇಳ್ಕೋ ಅಷ್ಟ." ಸುತ್ತಲಿನ ಹೆಂಗಸರು ನಕ್ಕರು. ಅವಳೂ ನಕ್ಕಳು. "ನಾ ಮಾತ್ರ ಹಾಡೂದು ಬಿಡಂಗಿಲ್ಲ. ಕರೀಲಿಲ್ಲಂದ್ರ ಅವರು ಹೆಂಗ ಬರಬೇಕು?"

ಆಮೇಲೆ ಹಾಡಿದಳು. ಕೊಂಕಣಿಯ ಹಾಡು. ಪ್ರತಿ ಹೆಸರಿನ ಮುಂದೆ "ಯೇ ಗೋ", ಅಂದರೆ ಬಾರೇ. ಮೊದಲ ಹೆಸರು ಯಾವ ಭಾಷೆಯದೋ, ನನ್ನ ಕಿವಿಗೆ ಹಿಡಿಯಲಿಲ್ಲ. ಅದಾದ ಮೇಲೆ ಒಬ್ಬಳು ಫಾತಿಮಾ, ಒಬ್ಬಳು ಯಲ್ಲವ್ವ, ಆಮೇಲೆ ಲುಸಿಯಾ, ಕೈತಾನಾ, ಮಿಂಗೆಲಿನಾ. ಒಂದೇ ಮನೆತನದಲ್ಲಿ ಇಷ್ಟು ಧರ್ಮಗಳೇ ಎಂದು ನಾನು ಬೆರಗಾಗಿ ನೋಡಿದರೆ ಶಬನಮ್‌ಗೆ ಅದೇನೂ ವಿಶೇಷ ಅನಿಸಿರಲಿಲ್ಲ. "ಧರ್ಮ ಯಾವುದಿದ್ರೂ ನಮ್ಮ ಸಿದ್ದಿಗಳಿಗೆಲ್ಲಾ ಹಿರಿಯರು ಅವರೇ ಅಲ್ಲೇನ್ರಿ ಅಕ್ಕಾ," ಎಂದಳು, ಕಣ್ಣು ಪರದೆಯ ಮೇಲೇ ಇಟ್ಟು.

"ಅವ್ವಗ ಕೇಳಿಸಿತ್ತು," ಎಂದಳು ಅನ್ನಾ. ಬಹಳ ಹೊತ್ತು ಅದೊಂದೇ ಮಾತು. "ಕೇಳಿಸಿತ್ತು, ಆದ್ರೂ ನಕ್ಕಳು ನೋಡ್ರಿ." ಧೊಂಡುಪ್ ಒಳಗಿನಿಂದ ನೀರು ತಂದು ಅವಳ ಮುಂದೆ ಇಟ್ಟ.

ಹಳಿಯಾಳಕ್ಕೆ ಮರಳಿದ ಮೇಲೆ ಶಬನಮ್ ಆ ಮೊದಲ ಹೆಸರಿಗಾಗಿ ಎಷ್ಟು ಸಲ ಆ ಹಾಡು ಕೇಳಿದಳೋ. ಕರಕರ ಸದ್ದನ್ನು ಒಂದಿಷ್ಟೇ ತೆಗೆಯುವುದು, ಕೇಳುವುದು, ಹೆಚ್ಚು ತೆಗೆದರೆ ಹೆಸರೂ ಸವೆಯುತ್ತದೆಂದು ಮತ್ತೆ ಹಾಕುವುದು. ಕೊನೆಗೆ ಹೆಸರು ಬಿಡಿಯಾಗಿ ಬಂತು: ಮರಾಂಬಾ. ಗೋಡೆಯಾಚೆ ಕೂತ ನನಗೂ ರಾಗ ಬಾಯಿಗೆ ಬಂದುಬಿಟ್ಟಿತು. ಅನ್ನಾ ಫೋನಿನಲ್ಲಿ ಅದನ್ನು ತುಂಬಿಸಿಕೊಂಡು ಹೋಗಿ ಗದ್ದೆಯಲ್ಲಿ ಕಲಿತಳು.

ಈಸ್ಟರ್ ಕಳೆದ ವಾರ ರೋಸಿಗೆ ನಾವಿಬ್ಬರೂ ಹೋದೆವು. ಮದುವೆಯ ವಿಡಿಯೊದವರು ಬೇರೆ ಇದ್ದರು. ಶಬನಮ್ ದನಿ ಹಿಡಿಯಲೆಂದೇ ತನ್ನದೊಂದು ಮೈಕು ತಂದು, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಮಣೆಯ ಪಕ್ಕದಲ್ಲಿ ಕೂತಳು. ಯಾರೂ ಮಾತಾಡಬೇಡಿ ಎಂದು ಎಲ್ಲರಿಗಿಂತ ಮೊದಲು ನನಗೇ ಹೇಳಿದಳು.

ಸಂಜೆಯ ಬಿಸಿಲಿನಲ್ಲಿ ಅನ್ನಾ ತಂಬಿಗೆ ಹಿಡಿದು ನಿಂತಳು. ಮರಾಂಬಾಳನ್ನು ಕರೆದಳು. ಫಾತಿಮಾಳನ್ನು, ಯಲ್ಲವ್ವನನ್ನು ಕರೆದಳು. ದನಿ ತಾಯಿಯದಷ್ಟು ದೊಡ್ಡದಲ್ಲ, ಆದರೆ ಎಲ್ಲೂ ತಪ್ಪಲಿಲ್ಲ. ಲುಸಿಯಾ ಆಯಿತು, ಕೈತಾನಾ ಆಯಿತು, ಮಿಂಗೆಲಿನಾ ಆಯಿತು. ಅಲ್ಲಿಗೆ ಕ್ಯಾಸೆಟ್ಟಿನ ಹಾಡು ಮುಗಿಯುತ್ತದೆ. ಇನ್ನೊಂದು ಹೆಸರು ಆ ಕ್ಯಾಸೆಟ್ಟಿನಲ್ಲಿ ಇರಲು ಸಾಧ್ಯವಿರಲಿಲ್ಲ, ಏಕೆಂದರೆ ಆಗ ಆಕೆ ಬದುಕಿದ್ದಳು. ಅನ್ನಾ "ಯೇ ಗೋ" ಎಂದಳು. ಮುಂದಿನ ಹೆಸರು ಬರಲಿಲ್ಲ. ಮತ್ತೊಮ್ಮೆ "ಯೇ ಗೋ" ಎಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮಣೆಯ ಮೇಲಿದ್ದ ಮಗಳು ತಲೆ ಎತ್ತಿದಳು.

"ಯೇ ಗೋ, ಜುವಾನಾ."

ಕರೆದವಳು ಶಬನಮ್. ಕಿವಿಯ ಹೆಡ್‌ಫೋನು ಕೊರಳಿಗಿಳಿದಿತ್ತು. ಮೈಕಿಗೆ ಬಾಯಿ ತಾಗುವಷ್ಟು ಹತ್ತಿರ ಕೂತು, ಜುವಾನಾಳದೇ ರಾಗದಲ್ಲಿ, ಅಂಗಳದ ಆಚೆಗೆ ಕೇಳಿಸುವ ಹಾಗೆ ಕರೆದಿದ್ದಳು. ಕಣ್ಣೀರು ಅವಳ ಗಲ್ಲದವರೆಗೆ ಇಳಿದಿತ್ತು, ಒರೆಸಿಕೊಳ್ಳಲಿಲ್ಲ.

ಅನ್ನಾ ಬಾಗಿ ಮಗಳ ನೆತ್ತಿಗೆ ಹಾಲು ಹಚ್ಚಿದಳು.